ಮಗ್ಗ ನಿಲ್ಲುವ ದಿನ

ನಿನ್ನೆ ಪ್ರವಚನ ಮುಗಿದು ಎಲ್ಲರೂ ಏಳುವಾಗ ಒಬ್ಬ ತಾಯಿ ಆ ಚಪ್ಪಲಿ ರಾಶಿಯಲ್ಲಿ ನನ್ನದನ್ನು ಹುಡುಕಿ ತಂದು ಕಾಲ ಬಳಿ ಇಟ್ಟರು. ಇಟ್ಟು, ಮೆಲ್ಲಗೆ ಒಂದು ಮಾತು ಕೇಳಿದರು. “ಅಮ್ಮಾ, ಎಂಟು ದಿನದಿಂದ ಕೊಡಿ, ಕೊಡಿ ಅಂತ ಹೇಳ್ತಿದ್ದೀರಿ. ನಮ್ಮಂಥವರ ಹತ್ತಿರ ಕೊಡೋಕೆ ಏನಿದೆ? ಬಾಯಲ್ಲಿ ನಾಲ್ಕು ಮಾತಿದೆ, ಅಷ್ಟೇ.”

ಅಷ್ಟೇ ಎಂದರಲ್ಲ, ಆ ನಾಲ್ಕು ಮಾತನ್ನೇ ಇವತ್ತು ಹಿಡಿದುಕೊಳ್ಳೋಣ. ಹಿಂದುಗಡೆ ಪಾತ್ರೆಗಳ ಸದ್ದು ಸ್ವಲ್ಪ ಜಾಸ್ತಿ ಇದೆ. ಇರಲಿ, ನಾನೇ ದನಿ ಏರಿಸುತ್ತೇನೆ. ಕೊನೆಯ ಸಾಲಿನವರಿಗೆ ಕೇಳುತ್ತಿದೆಯೇ? ಸರಿ.

ನೇಕಾರರ ಊರೊಂದರಲ್ಲಿ ಒಬ್ಬ ಭಾರಿ ಶ್ರೀಮಂತನಿದ್ದ. ಶ್ರೀಮಂತ ಎಂದ ಕೂಡಲೇ ನೀವು ಹೊಲ, ಮನೆ, ಬಂಗಾರ ಎಂದು ಮನಸ್ಸಿನಲ್ಲಿ ಪಟ್ಟಿ ಮಾಡಬೇಡಿ. ಅವನ ಸಿರಿಯೆಲ್ಲ ಇದ್ದದ್ದು ಗಂಟಲಿನಲ್ಲಿ. ಇಂಥ ಕಥೆಗಳಲ್ಲಿ ಹೆಸರು ಹೇಳುವ ರೂಢಿ ಇಲ್ಲ. ಆದರೆ ಈ ಮನುಷ್ಯ ಬದುಕಿಡೀ ಬೇರೆಯವರ ಹೆಸರು ಕೂಗಿದವನು. ಅವನ ಹೆಸರನ್ನು ನಾವಾದರೂ ಒಮ್ಮೆ ಹೇಳಬೇಕು. ಗಿರಿಮಲ್ಲಪ್ಪ.

ಗಿರಿಮಲ್ಲಪ್ಪನಿಗೆ ಒಂದು ಆಟೋ. ಆಟೋದ ತಲೆಯ ಮೇಲೊಂದು ಧ್ವನಿವರ್ಧಕ. ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈಯಲ್ಲಿ ಮೈಕು. ಸೀರೆ ಅಂಗಡಿಯ ರಿಯಾಯಿತಿ, ನಾಟಕ ಕಂಪನಿಯ ಕೊನೆಯ ಮೂರು ಆಟ, ನಾಳೆ ನಳದಲ್ಲಿ ನೀರು ಬರುವುದಿಲ್ಲ, ಯಾರದೋ ಎಮ್ಮೆ ಕಳೆದಿದೆ, ಎಲ್ಲವೂ ಅವನ ಬಾಯಿಂದಲೇ ಊರಿಗೆ ತಿಳಿಯಬೇಕು. ಯಾರಾದರೂ ತೀರಿಕೊಂಡ ಸುದ್ದಿಯಿದ್ದರೆ ಆಟೋವನ್ನು ನಡಿಗೆಯ ವೇಗಕ್ಕೆ ಇಳಿಸುತ್ತಿದ್ದ, ದನಿಯನ್ನೂ ಇಳಿಸುತ್ತಿದ್ದ. ಮೂವತ್ತು ವರ್ಷ ಹೀಗೇ ನಡೆಯಿತು. ಈ ಊರನ್ನು ಕರೆಯಬಲ್ಲವನು ನಾನೊಬ್ಬನೇ ಎಂದು ಅವನು ನಂಬಿದ್ದ. ನಂಬದೆ ಏನು ಮಾಡಿಯಾನು? ಅವನು ಕೂಗಿದ ಅಂಗಡಿಗೆ ಜನ ಹೋಗುತ್ತಿದ್ದರು, ಅವನು ಕೂಗಿದ ನಾಟಕಕ್ಕೆ ಚಾಪೆ ಹಿಡಿದು ಬರುತ್ತಿದ್ದರು.

ಊರ ಪಡುವಲಿಗೆ ಒಂದು ಹಳೆಯ ಕಲ್ಲುಗಣಿ ಇತ್ತು. ಕಲ್ಲು ಒಡೆಯುವುದು ನಿಂತು ಇಪ್ಪತ್ತೈದು ವರ್ಷವಾಗಿತ್ತು. ಎರಡಾಳು ಎತ್ತರದ ಕೆಂಪು ಕಲ್ಲಿನ ಗೋಡೆ ಸುತ್ತಲೂ, ನಡುವೆ ಮಳೆಯ ನೀರು ನಿಂತು ಕೊಳ. ಕೊಳದ ಅಂಚಿಗೆ ಆಪು ಹುಲ್ಲು, ಬಾರೆ ಗಿಡ, ನೀರಿನ ಮೇಲೆ ಬಾಗಿದ ಜಾಲಿ, ಜಾಲಿಯ ತುದಿಗೆ ಗೀಜಗನ ಗೂಡುಗಳು. ಗಿರಿಮಲ್ಲಪ್ಪ ದಿನಾ ಬೆಳಿಗ್ಗೆ ಅಲ್ಲಿಗೆ ಹೋಗಿ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಒಂದು ಕೂಗು ಹಾಕಿದರೆ ಗೋಡೆ ಅದನ್ನು ಮೂರು ಸಲ ತಿರುಗಿಸಿ ಕೊಡುತ್ತಿತ್ತು. ಆ ಜಾಗ ಅವನಿಗೆ ಗರಡಿಯಿದ್ದಂತೆ.

ಗಣಿ ಇದ್ದದ್ದು ದೊಡ್ಡಮನೆಯ ಯಜಮಾನರ ಹೆಸರಿನಲ್ಲಿ. ಊರವರು ಅವರನ್ನು ಧಣ್ಯಾರ ಎನ್ನುತ್ತಿದ್ದರು. ಗಣಿಯನ್ನು ಮಣ್ಣು ತುಂಬಿ ಪ್ಲಾಟು ಮಾಡುತ್ತೇವೆ ಎಂದು ಹೊರಗಿನವರು ಬಂದು ಕೇಳುತ್ತಿದ್ದರು. ಇತ್ತ ಹೈಸ್ಕೂಲಿನ ವಿಜ್ಞಾನದ ಮಾಸ್ತರರು ನಾಲ್ಕು ಜನರನ್ನು ಕಟ್ಟಿಕೊಂಡು ಹೋಗಿ, ಅದನ್ನು ಊರಿಗೇ ಬಿಡಿ, ಊರವರೇ ಒಡೆಯರಾಗಿ ನಿಸರ್ಗ ಉದ್ಯಾನ ಮಾಡಿಕೊಳ್ಳುತ್ತೇವೆ ಎಂದು ಬೇಡಿದರು. ಗಿರಿಮಲ್ಲಪ್ಪನೂ ಜೊತೆಗಿದ್ದ.

ಧಣಿಗಳು ಕೆಟ್ಟವರಲ್ಲ. ಬಂದವರಿಗೆ ತಾವೇ ಎದ್ದು ಕುರ್ಚಿ ಹಾಕಿದರು. “ಕೊಡ್ತೀನಿ. ಆದ್ರ ಊರು ಅಂದ್ರ ನೀವು ಐದು ಮಂದಿ ಅಲ್ಲ, ಮಾಸ್ತರ. ಬೇಲಿ ಕಾಯೋರು ಯಾರು? ಕಸಾ ಬಳಿಯೋರು ಯಾರು? ಎಲ್ಲಾ ಓಣಿಯವರೂ ಅಲ್ಲಿ ಬಂದು ನಿಂತು ಬೇಕು ಅಂತ ಅನ್ನಬೇಕು. ಅದನ್ನ ನಾ ನನ್ನ ಕಿವಿಲೆ ಕೇಳಬೇಕು. ಎರಡು ತಿಂಗಳು ನೋಡ್ತೀನಿ. ಊರಿಗೇ ಬ್ಯಾಡಾದ್ರ ನಾ ಯಾಕ ಕಾಯ್ಲಿ? ಪ್ಲಾಟಿನವರಿಗೆ ಹೂಂ ಅಂತೀನಿ.”

ಗಿರಿಮಲ್ಲಪ್ಪ ಎದ್ದು ನಿಂತ. “ಮಾತಿನ ಕೆಲಸ ನನಗ ಬಿಡ್ರಿ ಧಣ್ಯಾರ. ಒಂದು ಪೈಸಾ ಬ್ಯಾಡ. ಊರು ತಂದು ನಿಲ್ಲಸ್ತೀನಿ.”

ನೋಡಿ, ಎಂಥ ಒಳ್ಳೆಯ ಮಾತು. ಬದುಕಿಡೀ ಬಾಡಿಗೆಗೆ ಕೊಟ್ಟ ದನಿಯನ್ನು ಮೊದಲ ಸಲ ಸುಮ್ಮನೆ ಕೊಡುತ್ತಿದ್ದಾನೆ. ಇದು ದಾನವಲ್ಲವೇ? ದಾನವೇ. ಆದರೆ ಕೊಟ್ಟರೆ ಸಾಕೇ? ಕೊಟ್ಟದ್ದು ತಲುಪಬೇಡವೇ? ಮುಂದೆ ಕೇಳಿ.

ಹಕ್ಕಿ, ಚಿಟ್ಟೆ ಎಣಿಸುವುದರಲ್ಲೇ ಮೂರು ವಾರ ಕಳೆದು, ಮಾಸ್ತರರು ಒಂದು ಹಾಳೆ ಬರೆದುಕೊಟ್ಟರು. ನಲವತ್ತಮೂರು ಬಗೆಯ ಪಕ್ಷಿಗಳು, ಹದಿನೇಳು ಬಗೆಯ ಚಿಟ್ಟೆಗಳು, ಅಂತರ್ಜಲ, ಜೀವವೈವಿಧ್ಯ. ರವಿವಾರ ಹತ್ತು ಗಂಟೆಗೆ ಕಲ್ಲುಗಣಿಯಲ್ಲಿ ಸಭೆ, ಸರ್ವರಿಗೂ ಸ್ವಾಗತ. ಗಿರಿಮಲ್ಲಪ್ಪ ಆರು ದಿನ ಓಣಿ ಓಣಿ ತಿರುಗಿ ಅದನ್ನು ಹಾಡಿದಂತೆ ಹೇಳಿದ. ದನಿ ಅಷ್ಟು ಚೆನ್ನಾಗಿ ಎಂದೂ ಬಂದಿರಲಿಲ್ಲ.

ರವಿವಾರ ಬಂದವರು ಹನ್ನೊಂದು ಮಂದಿ. ಅವರಲ್ಲಿ ಒಬ್ಬಾಕೆ ಕೈಚೀಲ ಹಿಡಿದು ಸುತ್ತಲೂ ನೋಡಿ, “ಸ್ಟೀಲ್ ಡಬ್ಬಿ ಎಲ್ಲಿಟ್ಟೀರಿ?” ಎಂದು ಕೇಳಿದಳು. ಪೇಟೆಯಲ್ಲಿ ಗಿರಿಮಲ್ಲಪ್ಪನ ದನಿ ದೂರದಿಂದ ಕೇಳಿ, ರವಿವಾರ, ಕಲ್ಲುಗಣಿ ಎಂಬಷ್ಟೇ ಕಿವಿಗೆ ಬಿದ್ದು, ಯಾವುದೋ ರಿಯಾಯಿತಿ ಮಾರಾಟವೇ ಇರಬೇಕು ಎಂದುಕೊಂಡು ಬಂದಿದ್ದಳು ಪಾಪ.

ಧಣಿಗಳು ಆ ಹನ್ನೊಂದು ಜನರನ್ನೂ ಒಬ್ಬೊಬ್ಬರನ್ನಾಗಿ ನೋಡಿದರು. “ಗಿರಿಮಲ್ಲಪ್ಪ, ಒಂದು ಪಂಗ್ತಿ ಊಟಕ್ಕೂ ಸಾಲಂಗಿಲ್ಲಲ್ಲೋ ಇದು,” ಎಂದರು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಇನ್ನು ಒಂದೇ ತಿಂಗಳು ಎಂದು ನೆನಪು ಮಾಡಿ ಕೋಲು ಊರಿಕೊಂಡು ಹೋದರು.

ಆಗ ಗಿರಿಮಲ್ಲಪ್ಪ ಏನು ಮಾಡಿದ? ನಾವು ನೀವು ಮಾಡುವುದನ್ನೇ ಮಾಡಿದ. ನಮ್ಮ ಮಾತು ತಲುಪದಿದ್ದರೆ ನಾವೇನು ಮಾಡುತ್ತೇವೆ? ಅದೇ ಮಾತನ್ನು ಇನ್ನಷ್ಟು ಜೋರಾಗಿ ಹೇಳುತ್ತೇವೆ. ಅವನು ಗೆಳೆಯನೊಬ್ಬನಿಂದ ಇನ್ನೊಂದು ಧ್ವನಿವರ್ಧಕ ಕೇಳಿ ತಂದು ಆಟೋದ ಹಿಂಬದಿಗೆ ಕಟ್ಟಿದ. ಎರಡು ಬಾಯಿಯ ಆಟೋ ನೇಕಾರ ಓಣಿಗೆ ನುಗ್ಗಿತು.

ಆ ಓಣಿಯಲ್ಲಿ ಮನೆಗೊಂದು ಶೆಡ್ಡು, ಶೆಡ್ಡಿಗೆ ನಾಲ್ಕೋ ಆರೋ ವಿದ್ಯುತ್ ಮಗ್ಗ. ಖಟಾಖಟ್ ಖಟಾಖಟ್, ಬೆಳಗಿನಿಂದ ಸಂಜೆಯವರೆಗೆ. ತೊಟ್ಟಿಲ ಕೂಸುಗಳು ಆ ಸಪ್ಪಳದಲ್ಲೇ ಮಲಗುತ್ತವೆ. ಕರೆಂಟು ಹೋಗಿ ಮಗ್ಗ ನಿಂತರೆ ಬೆಚ್ಚಿ ಏಳುತ್ತವೆ. ಗಿರಿಮಲ್ಲಪ್ಪ ಆ ಸಪ್ಪಳದ ಮೇಲೆ ತನ್ನ ದನಿಯನ್ನು ಏರಿಸಿದ, ಇನ್ನೂ ಏರಿಸಿದ, ಕುತ್ತಿಗೆಯ ನರ ಉಬ್ಬಿತು, ಅಂಗಿ ಬೆವರಿನಲ್ಲಿ ತೊಯ್ದಿತು.

ಒಂದು ಶೆಡ್ಡಿನಿಂದ ಹೆಂಗಸೊಬ್ಬಳು ಹೊರಗೆ ಬಂದಳು. ಐವತ್ತರ ಆಸುಪಾಸು, ಕೂದಲ ತುಂಬ ಹತ್ತಿಯ ಧೂಳು. ಹೆಸರು ಚೌಡವ್ವ. ಅವನ ಕೂಗು ಕೇಳಿ ಬಂದವಳಲ್ಲ. ಬಾಗಿಲಲ್ಲಿ ಅವನ ಬೆವರು ಕಂಡು ಬಂದವಳು. ಕೈಯಲ್ಲಿ ಒಂದು ತಂಬಿಗೆ ನೀರು, ಅಂಗೈಯಲ್ಲಿ ಬೆಲ್ಲದ ಚೂರು. ಅವನು ಕುಡಿಯುವವರೆಗೆ ನಿಂತಿದ್ದು, ಆಮೇಲೆ ಅವನ ಕಿವಿಯ ಹತ್ತಿರ ಬಾಗಿ ಕೂಗಿದಳು.

“ಏನ ಮಾರಾಕತ್ತೀಪಾ ಈ ಸಲ?”

ಗಿರಿಮಲ್ಲಪ್ಪ ತಂಬಿಗೆಯನ್ನು ಅವಳ ಕೈಗೆ ಕೊಟ್ಟ. “ಆರು ದಿನಾ ಹೇಳೀನಲ್ಲವ್ವಾ. ಕೇಳಿಲ್ಲೇನು?”

“ಇಲ್ಲಿ ಎಲ್ಲಿಂದ ಕೇಳಬೇಕು?”

“ಮೂವತ್ತು ವರ್ಷದಿಂದ ಈ ಓಣಿಗೆ ಬರಾಕತ್ತೀನಿ. ಸೀರಿ ಅಂಗಡಿಗೆ ಬರ್ತಿದ್ರಿ, ನಾಟಕಕ್ಕ ಬರ್ತಿದ್ರಿ...”

“ಆಟೋಕ್ಕ ಸೀರಿ ಚಿತ್ರ ಕಟ್ಟಿರ್ತಿದ್ದಿ, ಬರ್ತಿದ್ವಿ. ನಾಟಕದ ಚಿತ್ರ ಕಟ್ಟಿರ್ತಿದ್ದಿ, ಬರ್ತಿದ್ವಿ. ಈ ಸಲ ಏನೂ ಕಟ್ಟೇ ಇಲ್ಲ. ನಾವು ಕಿವಿಲೆ ಕೇಳೋರಲ್ಲಪಾ, ಬಾಯಿ ನೋಡಿ ತಿಳ್ಕೊಳ್ಳೋರು. ನಿನ್ನ ಬಾಯಿಗೆ ಯಾವಾಗಲೂ ಆ ಮೈಕು ಅಡ್ಡ ಇರ್ತೈತಿ. ನಮಗ ನೀ ಗೋವಿನಜೋಳದ ತೆನಿ ತಿನಕೋತ ಹೊಂಟಂಗ ಕಾಣ್ತಿ.”

ನೀವು ನಕ್ಕಿರಿ. ಅವನು ನಗಲಿಲ್ಲ. ಮೂವತ್ತು ವರ್ಷ. ಊರಿನ ಅರ್ಧ ಭಾಗಕ್ಕೆ ಅವನು ಮೂವತ್ತು ವರ್ಷ ತೆನೆ ತಿನ್ನುತ್ತ ಹೋಗಿದ್ದ.

ಚೌಡವ್ವ ಅವನ ಮುಖ ಕಂಡು, ತೋಳು ಹಿಡಿದು ಶೆಡ್ಡಿನೊಳಗೆ ಕರೆದುಕೊಂಡು ಹೋಗಿ ನೂಲಿನ ಪೆಟ್ಟಿಗೆಯ ಮೇಲೆ ಕೂರಿಸಿದಳು. ಅಲ್ಲಿ ಅವನು ಕಂಡದ್ದೇನು? ಆರು ಮಗ್ಗ, ಐದು ಹೆಂಗಸರು, ಕಿವಿ ಹರಿದುಹೋಗುವ ಸಪ್ಪಳ. ಆ ಸಪ್ಪಳದ ನಡುವೆ ಅವರು ಆರಾಮಾಗಿ ಹರಟೆ ಹೊಡೆಯುತ್ತಿದ್ದರು. ತುಟಿ ಆಡಿತು, ಎರಡು ಬೆರಳು ಆಡಿತು, ಹುಬ್ಬು ಹಾರಿತು. ಈ ತುದಿಯ ಜೋಕಿಗೆ ಆ ತುದಿಯವಳು ಬಿದ್ದು ಬಿದ್ದು ನಕ್ಕಳು. ಜೋಕು ತನ್ನ ಮೇಲೆಯೇ ಎಂದು ಗಿರಿಮಲ್ಲಪ್ಪನಿಗೆ ಗೊತ್ತಾಯಿತು. ಏನೆಂದು ಗೊತ್ತಾಗಲಿಲ್ಲ. ಆ ಶೆಡ್ಡಿನಲ್ಲಿ ಕಿವುಡನೆಂದರೆ ಅವನೊಬ್ಬನೇ.

ಮಧ್ಯಾಹ್ನ ಊಟದ ಹೊತ್ತಿಗೆ ಹೊರಗೆ ಬಂದಾಗ ಅವನು ಮಾಸ್ತರರ ಹಾಳೆ ತೆಗೆದು ಓದಿದ. ನಲವತ್ತಮೂರು ಪಕ್ಷಿ ಎಂಬಲ್ಲಿಗೆ ಚೌಡವ್ವ ಕೈ ಅಡ್ಡ ಹಿಡಿದಳು.

“ಹಕ್ಕಿ ತಗೊಂಡು ನಾ ಏನ ಮಾಡ್ಲಿ? ಒಂದ ಹೇಳು. ಅಲ್ಲಿ ಮಗ್ಗದ ಸಪ್ಪಳ ಬರ್ತೈತೇನು?”

ಗಿರಿಮಲ್ಲಪ್ಪ ಯೋಚಿಸಿದ. ದಿನಾ ಬೆಳಿಗ್ಗೆ ಅಲ್ಲಿ ನಿಂತವನು. ಸುತ್ತ ಕಲ್ಲಿನ ಗೋಡೆ. ಅಲ್ಲಿ ಅವನು ಕೇಳಿದ್ದು ತನ್ನ ದನಿಯೊಂದನ್ನೇ. “ಇಲ್ಲವ್ವಾ. ಅಲ್ಲಿ ಏನೂ ಕೇಳಂಗಿಲ್ಲ.”

“ಕರಕೊಂಡ ನಡಿ.”

ಬುತ್ತಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಚೌಡವ್ವ, ಅವಳ ಜೊತೆ ಇನ್ನಿಬ್ಬರು ಆಟೋ ಹತ್ತಿದರು. ಗಣಿಯೊಳಗೆ ಇಳಿಯುತ್ತ ಹೋದಂತೆ ಊರಿನ ಸಪ್ಪಳ ಮಸುಕಾಗಿ, ಮಸುಕಾಗಿ, ಕೊನೆಯ ಮೆಟ್ಟಿಲಲ್ಲಿ ಕಡಿದೇ ಹೋಯಿತು. ಮೂವರೂ ನಿಂತುಬಿಟ್ಟರು. ಚೌಡವ್ವ ಗೀಜಗನ ಗೂಡು ನೋಡಿ, “ಬುಡಕ ನೇಯ್ಗಿ ಸಡ್ಲ ಬಿಟ್ಟೈತಿ,” ಎಂದಳು, ಕೂಗಿ. ಕೂಗುವುದೇ ಅವಳಿಗೆ ರೂಢಿ. ಗೋಡೆ ಆ ಕೂಗನ್ನು ಮೂರು ಸಲ ತಿರುಗಿಸಿತು. ಅವಳಿಗೆ ನಾಚಿಕೆಯಾಯಿತು. ತುಟಿಗೆ ಕೈಯಿಟ್ಟುಕೊಂಡಳು. ಆಗ ಬಳೆ ಸದ್ದಾಯಿತು. ಅವಳು ಕೈಯನ್ನು ನೋಡಿದಳು. ಇನ್ನೊಮ್ಮೆ ಅಲ್ಲಾಡಿಸಿದಳು. ಮಗ್ಗದ ಮುಂದೆ ಎಷ್ಟೋ ವರ್ಷ ತೊಟ್ಟ ಹಸಿರು ಬಳೆ. ಕೆಲಸದ ದಿನ ನಡುಹಗಲಲ್ಲಿ ಅದರ ಸದ್ದನ್ನು ಅವಳು ಕೇಳಿದ್ದು ಅದೇ ಮೊದಲು.

ಬುತ್ತಿ ಬಿಚ್ಚುತ್ತ, ಮೆಲ್ಲಗೆ ಕೇಳಿದಳು. “ಸಭಾ ಯಾವಾಗಿಟ್ಟಿದ್ರಿ?”

“ರವಿವಾರ.”

“ರವಿವಾರ ಮಾಸ್ತರಿಗೆ ಸೂಟಿ. ನಮ್ಮ ಮಗ್ಗ ನಿಲ್ಲೋದು ಅಮಾಸಿಗೆ. ಯಾರಿಗರ ಒಂದ ಮಾತು ಕೇಳಿದ್ರೇನು?”

ಯಾರನ್ನೂ ಕೇಳಿರಲಿಲ್ಲ. ನೋಡಿ, ಅಷ್ಟೇ ತಪ್ಪು. ಊರಿನ ಒಳಿತಿಗಾಗಿ ಆರು ದಿನ ಗಂಟಲು ಹರಿದುಕೊಂಡವನು, ಊರನ್ನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಅವನು ಹೋಗಿ ಹೇಳಿದಾಗ ಮಾಸ್ತರರ ಗುಂಪಿನಲ್ಲಿದ್ದ ನಿವೃತ್ತ ಪೋಸ್ಟ್‌ಮಾಸ್ತರರು ತಲೆ ಅಲ್ಲಾಡಿಸಿದರು. “ಅಮಾವಾಸ್ಯೆ ದಿನ ಹೊಸ ಕೆಲಸ ಸುರು ಮಾಡ್ತಾರೇನೋ, ಶಾಣ್ಯಾ?”

“ಸಹಿ ಹುಣ್ಣಿಮಿಗೆ ಹಾಕೂಣ್ರಿ. ಅಮಾಸಿಗೆ ಬರೇ ಕೂಡೂಣು,” ಎಂದ ಗಿರಿಮಲ್ಲಪ್ಪ. ಕೂಡಿದರೆ ತಾನೆ ಸಹಿ. ಅವರು ಒಪ್ಪಿದರು.

ಆಮೇಲೆ ಅವನು ಆಟೋದಿಂದ ಧ್ವನಿವರ್ಧಕ ಎರಡನ್ನೂ ಬಿಚ್ಚಿ ಮನೆಯಲ್ಲಿಟ್ಟ. ಹತ್ತು ದಿನ ಚೌಡವ್ವನ ಶೆಡ್ಡಿನಲ್ಲಿ ಕೂತು ಕೈಮಾತು ಕಲಿತ. ಊರಿಗೆ ಹೆಸರಾದ ಮಾತುಗಾರ, ಐವತ್ತೆಂಟರ ವಯಸ್ಸಿನಲ್ಲಿ, ಒಂದು ಅಕ್ಷರವೂ ಬಾರದವನ ಹಾಗೆ ಕೂತ. ಗಣಿಗೆ ಬನ್ನಿ ಎಂದು ಹೇಳಹೋಗಿ ‘ನಿನ್ನ ಕಂಡಿಕೆ ಕದ್ದಾರ’ ಎಂದು ಹೇಳಿಬಿಟ್ಟ. ಆ ಹುಡುಗಿ ಎದ್ದು ತನ್ನ ನೂಲಿನ ಕಂಡಿಕೆ ಲೆಕ್ಕ ಮಾಡಿಕೊಂಡಳು. ಎಲ್ಲರೂ ನಕ್ಕರು, ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ನೂಲು ಹರಿದಾಗ ಗಂಟು ಹಾಕುತ್ತಲೇ ಅವನ ಬೆರಳನ್ನೂ ತಿದ್ದಿದರು.

ಕೊನೆಗೆ ಮೂರು ಸನ್ನೆ ಅವನಿಗೆ ಸರಿಯಾಗಿ ಬಂತು. ಮುಚ್ಚಿದ ಮುಷ್ಟಿ: ಅಮಾವಾಸ್ಯೆ. ಪಡುವಲ ಕಡೆ ಬೆರಳು: ಗಣಿ. ಆಮೇಲೆ ಎರಡೂ ಅಂಗೈಯಿಂದ ಕಿವಿ ಮುಚ್ಚಿ, ಹೂವು ಅರಳಿದ ಹಾಗೆ ಮೆಲ್ಲಗೆ ಬಿಡಿಸುವುದು: ಅಲ್ಲಿ ಕಿವಿ ತೆರೆಯುತ್ತದೆ. ಇಷ್ಟೇ. ಈ ಮೂರನ್ನು ಹಿಡಿದು ಅವನು ಶೆಡ್ಡಿನಿಂದ ಶೆಡ್ಡಿಗೆ ಕಾಲುನಡಿಗೆಯಲ್ಲಿ ಹೋದ. ಬಾಗಿಲಲ್ಲಿ ನಿಂತ, ಅವರು ತಲೆ ಎತ್ತುವವರೆಗೆ ಕಾದ, ಹೇಳಿದ. ಮೂವತ್ತು ವರ್ಷದಲ್ಲಿ ಮೊದಲ ಸಲ ಆ ಓಣಿಯ ಮುಖಗಳು ಅವನಿಗೆ ಉತ್ತರ ಕೊಟ್ಟವು.

ಅಮಾವಾಸ್ಯೆ ಬಂತು. ಹತ್ತು ಗಂಟೆಗೆ ಗಣಿಯ ಮೆಟ್ಟಿಲ ಮೇಲೆ ಒಂದು ಮನೆ, ಎರಡು ಮನೆ, ಆಮೇಲೆ ಓಣಿಗೆ ಓಣಿಯೇ, ಅವರನ್ನು ಕಂಡು ಉಳಿದ ಓಣಿಯವರೂ. ಮುದುಕರನ್ನು ಕೈಹಿಡಿದು ಇಳಿಸಿದರು, ಕೂಸುಗಳನ್ನು ಸೊಂಟದಲ್ಲಿ ತಂದರು. ನಾನ್ನೂರು ಜನ ಕಲ್ಲಿನ ಮೇಲೆ, ಹುಲ್ಲಿನ ಮೇಲೆ ಕೂತರು. ಮಾಸ್ತರರ ಕಣ್ಣಲ್ಲಿ ನೀರು. ಧಣಿಗಳು ಕೋಲೂರಿ ನಡುವೆ ನಿಂತು, ಒಂದೇ ಮಾತು ಕೇಳಿದರು.

“ಈ ಜಾಗಾ ನಿಮಗ ಬೇಕೇನು?”

ಗೋಡೆ ಆ ಮಾತನ್ನು ಮೂರು ಸಲ ಹೇಳಿ ಸುಮ್ಮನಾಯಿತು. ಯಾರೂ ಬಾಯಿ ಬಿಡಲಿಲ್ಲ.

ಧಣಿಗಳು ಹೇಳಿದ್ದರಲ್ಲ, ನನ್ನ ಕಿವಿಯಿಂದಲೇ ಕೇಳಬೇಕು ಎಂದು. ಅವರು ಇನ್ನೊಮ್ಮೆ ಕೇಳಿದರು. ಒಂದು ಮಿಂಚುಳ್ಳಿ ನೀರಿಗೆ ಬಿದ್ದು ಎದ್ದ ಸದ್ದು ಮಾತ್ರ. ಧಣಿಗಳು ಸಪ್ಪೆ ಮುಖ ಮಾಡಿ ಮೆಟ್ಟಿಲ ಕಡೆ ತಿರುಗಿದರು. ಗಿರಿಮಲ್ಲಪ್ಪನ ಗಂಟಲು ತಾನೇ ತೆರೆಯಿತು. ಒಂದು ಕೂಗು ಹಾಕಿಬಿಡೋಣವೇ? ಹೇಳ್ರಿ, ಬೇಕು ಅಂತ ಹೇಳ್ರಿ ಎಂದು ಕಿರುಚೋಣವೇ? ಆ ಕೂಗು ತುಟಿಯವರೆಗೆ ಬಂದಿತ್ತು. ಅವನು ನುಂಗಿಕೊಂಡ. ಚೌಡವ್ವನ ಕಡೆ ನೋಡಿದ.

ಚೌಡವ್ವ ಎದ್ದು ನಿಂತು ಎರಡೂ ಕೈಯಿಂದ ಕಿವಿ ಮುಚ್ಚಿದಳು. ಮೆಲ್ಲಗೆ ಬಿಡಿಸಿದಳು. ಅವಳ ಪಕ್ಕದವಳು ಎದ್ದಳು. ಅವಳ ಹಿಂದಿನವರು ಎದ್ದರು. ಮುದುಕರು ಕೂತಲ್ಲೇ ಕೈ ಎತ್ತಿದರು. ಆ ಗಣಿಯ ತುಂಬ ಅಂಗೈಗಳು ಅರಳಿದವು, ಒಂದು ಚೂರೂ ಸದ್ದಿಲ್ಲದೆ. ಬಳೆಗಳ ಸದ್ದು ಬಿಟ್ಟರೆ.

“ಏನಂತಾರೋ?” ಎಂದರು ಧಣಿಗಳು. ಅವರ ದನಿಯೂ ತಾನಾಗಿ ತಗ್ಗಿತ್ತು. “ಬಾಯಿ ಬಿಟ್ಟು ಯಾಕ ಹೇಳವಲ್ರು?”

“ಕೂಗಿದ್ರ ಇದು ಕೆಡ್ತೈತ್ರಿ,” ಎಂದಳು ಚೌಡವ್ವ, ಪಿಸುಮಾತಿನಲ್ಲಿ.

ಗಿರಿಮಲ್ಲಪ್ಪ ಧಣಿಗಳ ಹತ್ತಿರ ಹೋಗಿ ನಿಂತ. ಅವನ ಬದುಕಿನ ಅತ್ಯಂತ ಸಣ್ಣ ಪ್ರಚಾರ ಅದು. “ಬೇಕು ಅಂತಾರ್ರಿ, ಧಣ್ಯಾರ.”

ಧಣಿಗಳು ಆ ಕೈಗಳನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಆಮೇಲೆ ಕೋಲನ್ನು ಕಂಕುಳಿಗೆ ಸಿಕ್ಕಿಸಿ, ತಮ್ಮ ಎರಡೂ ಕೈಯಿಂದ ಕಿವಿ ಮುಚ್ಚಿ, ಬಿಡಿಸಿದರು.

ಹುಣ್ಣಿಮೆಗೆ ಸಹಿಯಾಯಿತು. ಈಗ ಅದು ಊರಿನದು. ವಾರಕ್ಕೊಂದು ಓಣಿ ಸರದಿಯ ಮೇಲೆ ಕಸ ಬಳಿಯುತ್ತದೆ, ಬೇಲಿ ನೋಡುತ್ತದೆ. ಜಗಳ ಇಲ್ಲವೆಂದು ತಿಳಿಯಬೇಡಿ. ಕುರಿ ಬಿಡಬಹುದೇ ಎಂಬ ಜಗಳ ಇನ್ನೂ ಮುಗಿದಿಲ್ಲ. ಕೈಮಾತಿನಲ್ಲೂ ಜಗಳ ಆಡಬಹುದು ಎಂದು ಊರು ಕಲಿತಿದೆ. ಬಾಗಿಲ ಫಲಕಕ್ಕೆ ಮಾಸ್ತರರು ಹಕ್ಕಿಗಳ ಪಟ್ಟಿ ಬರೆಸಹೋದಾಗ, ಮೇಲೊಂದು ಸಾಲು ಇರಲಿ ಎಂದು ಗಿರಿಮಲ್ಲಪ್ಪ ಹೇಳಿದ: ‘ಇಲ್ಲಿ ಸಪ್ಪಳ ಇಲ್ಲ. ಬರ್ರಿ.’ ಅವನ ಆಟೋ ಈಗಲೂ ಊರು ಸುತ್ತುತ್ತದೆ. ಆದರೆ ನೇಕಾರ ಓಣಿಯ ತಿರುವು ಬಂದ ಕೂಡಲೇ ಅವನು ಮೈಕನ್ನು ಗದ್ದದ ಕೆಳಕ್ಕೆ ಇಳಿಸುತ್ತಾನೆ. ಬಾಯಿ ಕಾಣಲಿ ಎಂದು.

ಕಥೆ ಮುಗಿಯಿತು. ಈಗ ನಮ್ಮ ವಿಚಾರ.

ಬಾಯಲ್ಲಿ ನಾಲ್ಕು ಮಾತಿದೆ, ಅಷ್ಟೇ ಎಂದಿರಲ್ಲ ತಾಯಿ, ಅದು ಸಣ್ಣ ಸಿರಿಯಲ್ಲ. ಇಲ್ಲಿ ಕೂತವರಲ್ಲಿ ಅರ್ಜಿ ಬರೆಯಬಲ್ಲವರಿದ್ದೀರಿ, ಕಚೇರಿಯಲ್ಲಿ ನಿಂತು ನೆಟ್ಟಗೆ ಮಾತಾಡಬಲ್ಲವರಿದ್ದೀರಿ, ಫೋನಿನಲ್ಲಿ ಒಂದು ಸುದ್ದಿಯನ್ನು ಇನ್ನೂರು ಜನಕ್ಕೆ ಮುಟ್ಟಿಸಬಲ್ಲವರಿದ್ದೀರಿ. ನಮ್ಮ ಬಡಾವಣೆಯ ಹಿಂದೆಯೂ ಒಂದು ಕೊಳವಿದೆ, ಅದಕ್ಕೂ ನಾಲಿಗೆಯಿಲ್ಲ. ಕೊಡಿ ನಿಮ್ಮ ಮಾತನ್ನು. ಆದರೆ ಕೊಡುವ ಮೊದಲು ಒಂದು ಪ್ರಶ್ನೆ ಕೇಳಿ: ನಿಮ್ಮ ಮಗ್ಗ ನಿಲ್ಲುವುದು ಯಾವಾಗ? ಮನೆಯಲ್ಲಿ ಸೊಸೆಯನ್ನು ಕೇಳಿ. ಹತ್ತು ಸಲ ಹೇಳಿದರೂ ಕೇಳುವುದಿಲ್ಲ ಎಂದು ನೀವು ದೂರುವ ಮಗನನ್ನು ಕೇಳಿ. ಹನ್ನೊಂದನೆಯ ಸಲ ಜೋರಾಗಿ ಹೇಳಬೇಡಿ. ಅವನ ಮಗ್ಗ ನಿಲ್ಲುವ ಹೊತ್ತಿಗೆ ಹೋಗಿ, ಬಾಯಿಗೆ ಅಡ್ಡವಿರುವುದನ್ನು ಇಳಿಸಿ, ಮುಖ ಕಾಣುವಂತೆ ನಿಂತು ಹೇಳಿ.

ಈಗ ಸ್ವಲ್ಪ ಸುಮ್ಮನಿರಿ. ಹಿಂದಿನ ಅಡುಗೆಮನೆಯ ಪಾತ್ರೆಯ ಸದ್ದು ಕೇಳಿಸುತ್ತಿದೆಯೇ? ಅಲ್ಲಿ ಮೂವರು ಹೆಣ್ಣುಮಕ್ಕಳಿದ್ದಾರೆ. ನಮ್ಮ ಪ್ರಸಾದಕ್ಕೆ ಪಾತ್ರೆ ತೊಳೆಯುತ್ತಿದ್ದಾರೆ. ಒಂಬತ್ತು ದಿನದಿಂದ ಅವರ ಕಿವಿಗೆ ಈ ಪ್ರವಚನದ ಒಂದು ಮಾತೂ ಬಿದ್ದಿಲ್ಲ. ಪ್ರವಚನದ ಹೊತ್ತನ್ನು ಗೊತ್ತು ಮಾಡುವಾಗ ಅವರನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಇವತ್ತು ಮೊದಲಿಗೆ ನಾನು ಮಾಡಿದ್ದೇನು? ಆ ಸದ್ದಿನ ಮೇಲೆ ನನ್ನ ದನಿ ಏರಿಸಿದೆ. ಗಿರಿಮಲ್ಲಪ್ಪ ಎರಡನೆಯ ಧ್ವನಿವರ್ಧಕ ಕಟ್ಟಿದ ಹಾಗೆ.

ಆದ್ದರಿಂದ ಇಲ್ಲಿಗೆ ನಿಲ್ಲಿಸುತ್ತೇನೆ. ಮುಂದಿನ ಸಾಲಿನವರು ಏಳಿ. ನಾನೂ ಬರುತ್ತೇನೆ, ಕೈ ಸ್ವಲ್ಪ ಆಸರೆ ಕೊಡಿ. ಉಳಿದ ಪಾತ್ರೆಗಳನ್ನು ನಾವು ತೊಳೆಯೋಣ. ಅವರು ಮೂವರು ಬಂದು ಇಲ್ಲಿ, ಈ ಜಮಖಾನೆಯ ಮೇಲೆ ಕೂತುಕೊಳ್ಳಲಿ. ಅವರಿಗೆ ಏನು ಹೇಳುವುದಿದೆಯೋ, ಮೊದಲು ಅದನ್ನು ಕೇಳೋಣ.